ಒಂದೇ ದಿನ ಹಚ್ಚಿಕೊಳ್ಳುವ ಔಷಧಿ

ನಿನ್ನೆ ಸಂಜೆ ನಮ್ಮ ಚಳ್ಳಕೆರೆಯ ಮೆಡಿಕಲ್ ಶಾಪೊಂದರ ಮುಂದೆ ನಿಂತಿದ್ದೆ. ಔಷಧಿ ಬೇಕಿತ್ತು, ಕೇಳಲು ಬಾಯಿ ಬರುತ್ತಿರಲಿಲ್ಲ. ಜನ ಕಡಿಮೆಯಾಗಲಿ ಎಂದು ಕಾದರೆ, ಒಬ್ಬರು ಹೋಗುವಷ್ಟರಲ್ಲಿ ಇಬ್ಬರು ಬರುತ್ತಿದ್ದರು. ನನ್ನ ಪಕ್ಕದಲ್ಲಿ ಇಸ್ತ್ರಿ ಅಂಗಿಯ ಇನ್ನೊಬ್ಬ ನಿಂತಿದ್ದ. ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ. ಬಂದವರಿಗೆಲ್ಲ "ನೀವು ತಗೊಳ್ರಿ, ನಂದೇನು ಅರ್ಜೆಂಟಿಲ್ಲ" ಎಂದು ದಾರಿ ಬಿಡುತ್ತಿದ್ದ. ನಮ್ಮೂರಿನ ಯಾವ ಕ್ಯೂನಲ್ಲೂ ನಾನು ಅಷ್ಟು ಸೌಜನ್ಯ ಕಂಡಿಲ್ಲ. ಅಷ್ಟರಲ್ಲಿ ನನ್ನ ಬೆರಳ ಸಂದಿಯಲ್ಲಿ ನವೆ ಎದ್ದಿತು. ನವೆಯ ಜೊತೆಗೇ ಎಷ್ಟೋ ವರ್ಷದ ಹಿಂದಿನ ಒಂದು ಘಾಟು ವಾಸನೆ ಮೂಗಿಗೆ ಬಂದಂತಾಯಿತು. ಅಂಗಡಿಯಲ್ಲಿ ಅಂಥ ವಾಸನೆ ಇರಲಿಲ್ಲ. ಈಗಿನ ಕಜ್ಜಿ ಔಷಧಿಗೆ ವಾಸನೆಯೇ ಇಲ್ಲ.

ಹೌದು, ಕಜ್ಜಿ. ನೋಡಿ, ಬರೆಯುವುದು ಎಷ್ಟು ಸುಲಭ. ಮೊಮ್ಮಗ ಹಾಸ್ಟೆಲಿನಿಂದ ರಜೆಗೆ ಬಂದವನು ತಂದ, ಈಗ ಮನೆಯೆಲ್ಲ ಕೆರೆದುಕೊಳ್ಳುತ್ತಿದೆ. ಆದರೆ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದು, ಸ್ವಂತ ಗ್ಯಾರೇಜು ಕಟ್ಟಿದವನು. ಕುದಾಪುರದ ವಿಜ್ಞಾನ ಸಂಸ್ಥೆಯ ಜೀಪು ಕೆಟ್ಟರೂ ನನ್ನ ಹತ್ತಿರವೇ ಬರುತ್ತದೆ. ದಾರಿಯಲ್ಲಿ ಹೋಗುವ ಅರ್ಧ ಜನ ನನಗೆ ಸಲಾಮು ಹೇಳುತ್ತಾರೆ, ಉಳಿದರ್ಧ ನಮಸ್ಕಾರ. ಇಂಥವನು ಕೌಂಟರಿನ ಮುಂದೆ ಆ ಮಾತು ಆಡುವುದೆ?

ಆಗ ನೆನಪಾದವಳು ಆಪಾ, ನನ್ನ ಅಕ್ಕ. ಅವಳಿಗೆ ಈ ತೊಂದರೆ ಇರಲಿಲ್ಲ.

ಆ ಕಾಲಕ್ಕೆ ನಾವು ರುದ್ರಮ್ಮನವರ ಮನೆಯ ಹಿಂದಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದೆವು. ರುದ್ರಮ್ಮನ ಯಜಮಾನರದು ಶೇಂಗಾ ವ್ಯಾಪಾರ. ಅಂಗಳ ಎರಡೂ ಮನೆಗೆ ಒಂದೇ. ಅವರ ಮಕ್ಕಳು ನಮ್ಮ ಚಾಪೆಯ ಮೇಲೆ, ನಾವು ಅವರ ಕಂಬಳಿಯ ಮೇಲೆ ಬಿದ್ದುಕೊಂಡೇ ಬೆಳೆದವರು. ಅಬ್ಬಾ, ಅಂದರೆ ನಮ್ಮ ತಂದೆ, ತೀರಿಕೊಂಡ ಮೇಲೆ ಆಪಾ ಹೊಲಿಗೆ ಮಷೀನು ತುಳಿಯುತ್ತಿದ್ದಳು, ನಾನು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದೆ. ಆಪಾಳ ಒಂದು ಚಟವೆಂದರೆ ಕೂಸುಗಳು. ಓಣಿಯಲ್ಲಿ ಯಾವ ಕೂಸು ಅತ್ತರೂ ಅದು ಸ್ವಲ್ಪ ಹೊತ್ತಿಗೆ ಅವಳ ಸೊಂಟದ ಮೇಲಿರುತ್ತಿತ್ತು. ಬಟ್ಟೆ ಹೊಲಿಸಲು ಬಂದ ತಾಯಂದಿರು ಕೂಸು ಕೊಟ್ಟು ಸಂತೆಗೆ ಹೋಗಿಬರುವುದೂ ಇತ್ತು.

ಕಜ್ಜಿ ಮೊದಲು ಯಾರಿಗೆ ಬಂತೋ ಗೊತ್ತಿಲ್ಲ. ನಮ್ಮ ತಾಯಿ, ಅಮ್ಮಿ, ಗ್ಯಾರೇಜಿನ ಕಡೆ ಬೆರಳು ತೋರಿಸಿದಳು. ನಾನು ಒಪ್ಪಲಿಲ್ಲ. ನನಗಾಗಿರುವುದು ಗ್ರೀಸಿನ ಅಲರ್ಜಿ, ಕೆಲಸಗಾರರಿಗೆ ಬರುವಂಥದ್ದು ಎಂದು ವಾದಿಸಿದೆ. ಎರಡು ಹೊತ್ತೂ ಕೈಗೆ ಡೀಸೆಲ್ ಉಜ್ಜಿಕೊಂಡು ಚರ್ಮವನ್ನು ಇನ್ನಷ್ಟು ಸುಲಿದುಕೊಂಡೆ. ಇಂಜಿನ್ನಿಗೆ ಆಗುವುದು ಮನುಷ್ಯನಿಗೂ ಆಗಬೇಕೆಂಬುದು ಆಗಿನ ನನ್ನ ವೈದ್ಯಶಾಸ್ತ್ರ. ಆಪಾ ಮಾತ್ರ ಸದ್ದಿಲ್ಲದೆ ಆಸ್ಪತ್ರೆಗೆ ಹೋಗಿ, ಸರದಿಯಲ್ಲಿ ಕೂತು, ಕೈ ತೋರಿಸಿ, ಔಷಧಿ ಹಿಡಿದು ಬಂದಳು. ಕುತ್ತಿಗೆಯಿಂದ ಅಂಗಾಲಿನ ತನಕ ಹಚ್ಚಬೇಕು, ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು, ಒಬ್ಬರು ತಪ್ಪಿಸಿಕೊಂಡರೂ ಅವರಿಂದ ಮತ್ತೆ ಎಲ್ಲರಿಗೂ ಎಂದು ಡಾಕ್ಟರು ಹೇಳಿದ್ದರಂತೆ.

ಅಮ್ಮಿ ಬಾಟಲಿಯ ಮುಚ್ಚಳ ತೆಗೆದು ಮೂಸಿ, ಗಟ್ಟಿಯಾಗಿ ಮುಚ್ಚಿ, ಟ್ರಂಕಿನಲ್ಲಿಟ್ಟುಬಿಟ್ಟಳು. ಕಾರಣವಿತ್ತು. ಎರಡು ದಿನಕ್ಕೆ ಆಪಾಳ ನಿಶ್ಚಿತಾರ್ಥ. ಗಂಡಿನವರು ಮೊಳಕಾಲ್ಮೂರಿನವರು, ರೇಷ್ಮೆ ಸೀರೆಯ ವ್ಯಾಪಾರದ ಮನೆ. ಒರಟು ಕೈ ತಗುಲಿದರೆ ಎಳೆ ಏಳುವ ಸರಕು ಅದು. ಅಂಥ ಮನೆಯವರಿಗೆ ಈ ಕೈ ತೋರಿಸುವುದು ಹೇಗೆ? ಔಷಧಿ ಹಚ್ಚಿದರೆ ವಾಸನೆಯೇ ಸಾರಿ ಹೇಳುತ್ತದೆ. ಮೊದಲು ಉಂಗುರ ಬೀಳಲಿ, ಆಮೇಲೆ ಔಷಧಿ ಎಂದು ಅಮ್ಮಿ ತೀರ್ಮಾನಿಸಿದಳು. ಹಿಂದಿನ ದಿನವೇ ಆಪಾಳ ಎರಡೂ ಕೈಗೆ ಮೊಣಕೈ ತನಕ ಮೆಹಂದಿ ಬಳಿಸಿದಳು. ಆ ಬಳ್ಳಿ, ಹೂವುಗಳ ನಡುವೆ ಯಾವುದು ಗುಳ್ಳೆ, ಯಾವುದು ಚುಕ್ಕೆ ಎಂದು ನನಗೂ ಗೊತ್ತಾಗುತ್ತಿರಲಿಲ್ಲ.

ನಮ್ಮಲ್ಲಿ ಹುಡುಗಿಗೆ ಉಂಗುರ ತೊಡಿಸುವವಳು ಗಂಡಿನ ತಾಯಿ. ಆಮೇಲೆ ಬಂದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಹುಡುಗಿಯ ಕೈ ಹಿಡಿದು ಹರಸುತ್ತಾರೆ. ಆ ದಿನ ಗಂಡಿನ ತಾಯಿ, ನಾವು ಖಾಲಾ ಎಂದು ಕರೆಯುತ್ತಿದ್ದವರು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಂಗಳದ ಚಾಪೆಯಲ್ಲಿ ಕೂತರು. ಇನ್ನೂ ಹೆಜ್ಜೆ ಇಡದ ಕೂಸು. ಅದು ಆಪಾಳನ್ನು ನೋಡಿದ್ದೇ ತಡ, ಎರಡೂ ಕೈ ಚಾಚಿ ಮುಂದಕ್ಕೆ ಬಾಗಿತು. ಆಪಾ ಎತ್ತಿಕೊಳ್ಳಲಿಲ್ಲ. ಕೈಗಳನ್ನು ದುಪಟ್ಟಾದ ಒಳಕ್ಕೆ ಎಳೆದುಕೊಂಡಳು. ಕೂಸು ಮತ್ತೆ ಬಾಗಿತು. ಅವಳು ಸ್ವಲ್ಪ ಹಿಂದಕ್ಕೆ ಸರಿದಳು. ಖಾಲಾ ನೋಡಿದರು. "ಹುಡುಗಿಗೆ ಕೂಸು ಅಂದ್ರೆ ಆಗಲ್ಲೇನೋ" ಎಂದು, ನಗುವಿನಲ್ಲಿ ಸುತ್ತಿ, ರುದ್ರಮ್ಮನ ಕಡೆ ತಿರುಗಿ ಕನ್ನಡದಲ್ಲಿ ಅಂದರು.

ಆಪಾ ತಲೆ ಎತ್ತಿದಳು. ಉರ್ದುವಿನಲ್ಲಿ ಹೇಳಬಹುದಿತ್ತು. ಅಂಗಳದಲ್ಲಿದ್ದ ಯಾರೂ ತಿಳಿಯಲಿಲ್ಲ ಎನ್ನಬಾರದೆಂದೋ ಏನೋ, ಅವಳೂ ಕನ್ನಡದಲ್ಲೇ ಹೇಳಿದಳು.

"ನನ್ನ ಕೈ ತುಂಬ ಕಜ್ಜಿ ಐತ್ರಿ. ಕೂಸಿಗೆ ಅಂಟ್ಕೊಂತೈತೆ ಅಂತ ಎತ್ಕೊಳ್ಳಲಿಲ್ಲ. ಮೆಹಂದಿ ಒಳಗೆ ಕಾಣಲ್ಲ, ಅಷ್ಟೆ."

ಅಮ್ಮಿ ಕೂತಲ್ಲೇ ಕಣ್ಣು ಮುಚ್ಚಿಕೊಂಡಳು. ನಾನು ಶರಬತ್ತಿನ ತಟ್ಟೆ ಹಿಡಿದು ನಿಂತಿದ್ದೆ. ಯಾರಿಗೂ ಕೊಡದೆ ಅದನ್ನು ಕೆಳಗಿಟ್ಟೆ. ಖಾಲಾ ಕೂಸನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಆಮೇಲೆ ಕೇಳಿದರು: "ಏಮ್ಮಾ, ರಾತ್ರಿ ಜಾಸ್ತಿ ಕೆರೀತೈತಾ?" ಆಪಾ ಹೂಂ ಅಂದಳು. ಖಾಲಾ ಕೂಸಿನ ಕಾಲುಚೀಲ ಕಳಚಿ ಅಂಗಾಲನ್ನು ಬೆಳಕಿಗೆ ತಿರುಗಿಸಿದರು. ಗುಲಾಬಿ ಬಣ್ಣದ ಇಷ್ಟೇ ಇಷ್ಟು ಪಾದದಲ್ಲಿ ಸಣ್ಣ ಸಣ್ಣ ಗುಳ್ಳೆ. "ಇದೂ ರಾತ್ರಿ ಎಲ್ಲ ಅಳ್ತೈತೆ. ಹಲ್ಲು ಬರ್ತಾವೆ ಅಂತಿದ್ವಿ" ಎಂದರು.

ಅಷ್ಟಾದ ಮೇಲೂ ಉಂಗುರ ಬೀಳಲಿಲ್ಲ. ಖಾಲಾ ಅದನ್ನು ಕರವಸ್ತ್ರದಲ್ಲಿ ಗಂಟು ಹಾಕಿ ವಾಪಸು ಸೊಂಟಕ್ಕೆ ಸಿಕ್ಕಿಸಿದರು. ಉಂಗುರದ ಕೆಳಗೆ ಔಷಧಿ ಇಳಿಯುವುದಿಲ್ಲ, ನೀವು ಹಚ್ಚಿಕೊಳ್ಳುವ ದಿನ ಹೇಳಿ ಕಳಿಸಿ ಎಂದರು. ಊಟ ಮಾಡಿ ಬಸ್ಸು ಹತ್ತಿದರು. ಅಮ್ಮಿಗೆ ಸಂಶಯವೇ ಇರಲಿಲ್ಲ. ಇದು ದೊಡ್ಡವರು ಮರ್ಯಾದೆಯಿಂದ ಬೇಡ ಎನ್ನುವ ರೀತಿ. ನನಗೆ ಸಿಟ್ಟು ಬಂದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತಲ್ಲ, ಏನು ಸಿಕ್ಕಿತು ನಿನಗೆ ಎಂದು ಕೂಗಾಡಿದೆ. ಆಪಾ ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ ಹೇಳಿದಳು: "ನಾಳೆ ಆ ಮನೇಲಿ ನನ್ನ ಪಕ್ಕಾನೇ ಮಲಗೋ ಕೂಸು ಅದು. ಅದರ ಕಾಲು ನೋಡ್ದಾಗೆಲ್ಲ ನಾನು ಏನಂತ ಸುಮ್ನಿರಲಿ?"

ರುದ್ರಮ್ಮ ಶುಕ್ರವಾರ ಗೊತ್ತು ಮಾಡಿದರು. ಅಂಗಳ ಒಂದೇ ಆದ ಮೇಲೆ ಕಜ್ಜಿಯೂ ಒಂದೇ, ನಾವೂ ಹಚ್ಚಿಕೊಳ್ಳುವವರೇ ಎಂದರು. ಸುದ್ದಿ ಮುಟ್ಟಿಸಲು ನಾನೇ ಹೊರಟೆ. ಜೊತೆಗೆ ಅವರ ಮನೆಯವರಿಗೆ ಬಾಟಲಿಗಳು, ಕೂಸಿಗೆಂದು ಡಾಕ್ಟರು ಬೇರೆ ಕೊಟ್ಟಿದ್ದ ಗಂಧಕದ ಮುಲಾಮು. ಬಿ.ಜಿ. ಕೆರೆ ಬರುವಷ್ಟರಲ್ಲಿ ಒಂದು ಬಾಟಲಿ ಸೋರಿ ಬಸ್ಸೆಲ್ಲ ಘಾಟು. ಏನಪ್ಪ ಅದು ಎಂದು ಕಂಡಕ್ಟರ್ ಕೇಳಿದಾಗ, ಇಂಜಿನ್ ತೊಳೆಯುವ ಆಯಿಲ್ ಎಂದೆ. ಹಿಂದಿನ ಸೀಟಿನ ಮುದುಕನೊಬ್ಬ ನನ್ನ ಬೆರಳುಗಳನ್ನು ನೋಡಿ, ಇಂಜಿನ್ನಿಗೆ ಬಹಳ ನವೆಯೇನೋ ಎಂದ. ಮೊಳಕಾಲ್ಮೂರು ಬರುವ ತನಕ ನಾನು ಕಿಟಕಿಯ ಆಚೆಗೇ ನೋಡುತ್ತಿದ್ದೆ.

ಖಾಲಾ ಬಾಟಲಿ ತೆಗೆದುಕೊಂಡರು, ಚಹಾ ಕೊಟ್ಟರು, ಉಂಗುರದ ಮಾತೆತ್ತಲಿಲ್ಲ.

ಆ ಶುಕ್ರವಾರ ನೋಡಬೇಕಿತ್ತು ನೀವು. ಹಾಸಿಗೆ, ಬಟ್ಟೆಗಳೆಲ್ಲ ಹಂಡೆಯಲ್ಲಿ ಕುದಿಯುತ್ತಿದ್ದವು. ಕುದಿಸಲಾಗದ ಕಂಬಳಿಗಳನ್ನು ಆಪಾ ಮೂಟೆ ಕಟ್ಟಿ ಮಾಳಿಗೆಯ ಬಿಸಿಲಿಗೆ ಹಾಕಿದ್ದಳು. ಸಂಜೆಗೆ ಒಬ್ಬೊಬ್ಬರೇ ಮನೆಯೊಳಗೆ ಹೋಗಿ ಹಚ್ಚಿಕೊಂಡು ಬರುವ ಸಂಭ್ರಮ. ರುದ್ರಮ್ಮನ ಯಜಮಾನರು, ಶೇಂಗಾ ಮಂಡಿಯಲ್ಲಿ ಗಟ್ಟಿ ಧ್ವನಿಯ ಮನುಷ್ಯ, ಮೈಯೆಲ್ಲ ಬಿಳಿ ಬಳಿದುಕೊಂಡು ಟವೆಲ್ಲಿನಲ್ಲಿ ಕೈ ಅಗಲಿಸಿ ಹೊಲದ ಬೆದರುಬೊಂಬೆಯಂತೆ ಒಣಗುತ್ತಿದ್ದರು. ಡೀಸೆಲ್ ಉಜ್ಜಿ ಸುಲಿದಿದ್ದ ನನ್ನ ಕೈಗೆ ಔಷಧಿ ತಾಗಿದಾಗ ನಾನು ಕುಣಿದದ್ದನ್ನು ಅವರ ಮಕ್ಕಳು ಇಂದಿಗೂ ಅಭಿನಯಿಸಿ ತೋರಿಸುತ್ತಾರೆ. "ಅಲರ್ಜಿ ಹೆಂಗೈತಲೇ?" ಎಂದು ಯಜಮಾನರು ಕೇಳಿದರು. ಆಪಾ ಮಾತ್ರ ಆಗಾಗ ಮೊಳಕಾಲ್ಮೂರಿನ ದಿಕ್ಕಿಗೆ ನೋಡುತ್ತಿದ್ದಳು. ಅಲ್ಲಿಯೂ ಈಗ ಹಚ್ಚುತ್ತಿರಬಹುದೆ, ಬಾಟಲಿ ಮೂಲೆ ಸೇರಿತೆ? ಹೇಳಲು ಯಾರೂ ಇರಲಿಲ್ಲ.

ವಾರ ಬಿಟ್ಟು ಮತ್ತೊಮ್ಮೆ ಹಚ್ಚಿಕೊಂಡೆವು. ನವೆ ಕಡಿಮೆಯಾಗುತ್ತ ಬಂತು. ಅಮ್ಮಿ ಬೇರೆ ಕಡೆ ಗಂಡು ವಿಚಾರಿಸಲು ಶುರು ಮಾಡಿದ್ದಳು. ಆಗ ಒಂದು ಮಧ್ಯಾಹ್ನ, ಯಾವ ಸುದ್ದಿಯೂ ಇಲ್ಲದೆ, ಖಾಲಾ ಬಂದು ಅಂಗಳದಲ್ಲಿ ನಿಂತರು. ಕೂಸಿನ ಎರಡೂ ಅಂಗಾಲನ್ನು ಆಪಾಳ ಮುಂದೆ ಹಿಡಿದು ತೋರಿಸಿದರು. ನುಣ್ಣಗಿತ್ತು. ಮೊದಲು ಕೂಸನ್ನು ಅವಳ ತೊಡೆಗೆ ಹಾಕಿದರು. ಉಂಗುರ ಆಮೇಲೆ ತೊಡಿಸಿದರು, ಕೂಸು ಅದನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿರುವಾಗ. ಮನೆಗೆ ತರುವ ಹುಡುಗಿ ಇಂಥವಳೇ ಆಗಬೇಕು ಎಂದು ಖಾಲಾ ಸಾಯುವ ತನಕ ಎಲ್ಲರ ಮುಂದೆ ಹೇಳುತ್ತಿದ್ದರು. ಆ ಮನೆಯಲ್ಲಿ ಕಣ್ಣು ಬೇನೆ ಬಂದರೂ ಹುಳುಕಡ್ಡಿ ಬಂದರೂ ಯಾರೂ ಮುಚ್ಚಿಡುವುದಿಲ್ಲ, ಮೊದಲು ಆಪಾಗೆ ಹೇಳುತ್ತಾರೆ.

ಮೆಡಿಕಲ್ ಶಾಪಿನ ಮುಂದೆ ಇಷ್ಟೆಲ್ಲ ನೆನೆಯುತ್ತ ನಿಂತಿದ್ದೆ. ಜನ ಕಡಿಮೆಯಾಗಲಿಲ್ಲ. ನಾನು ಮುಂದೆ ಹೋಗಿ ಕೌಂಟರಿನ ಮೇಲೆ ಎರಡೂ ಕೈ ಊರಿದೆ. "ನಮ್ಮ ಮನೇಲಿ ಎಲ್ಲರಿಗೂ ಕಜ್ಜಿ ಆಗೈತಪ್ಪ. ಎಲ್ಲರಿಗೂ ಆಗೋವಷ್ಟು ಕೊಡು" ಎಂದೆ. ಧ್ವನಿ ಗ್ಯಾರೇಜಿನದು, ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿಯೇ ಬಂತು. ಒಂದಿಬ್ಬರು ತಿರುಗಿ ನೋಡಿದರು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಅಂಗಡಿಯ ಹುಡುಗ ಟ್ಯೂಬುಗಳನ್ನು ಎಣಿಸುತ್ತಿದ್ದಾಗ ಇಸ್ತ್ರಿ ಅಂಗಿಯವನು ಪಕ್ಕಕ್ಕೆ ಬಂದು, ಜೇಬಿನಿಂದ ಕೈಗಳನ್ನು ಹೊರಗೆ ತೆಗೆದ. ಬೆರಳ ಸಂದಿಯೆಲ್ಲ ಕೆರೆದು ಕೆಂಪಾಗಿತ್ತು.

"ನನಗೂ ಅದೇ" ಎಂದು ಹುಡುಗನಿಗೆ ಹೇಳಿ, ನನ್ನ ಕಡೆ ತಿರುಗಿದ. "ಒಬ್ಬನೇ ಹಚ್ಕೊಂಡ್ರೆ ಸಾಕೇನ್ರಿ?"

"ಸಾಲಲ್ಲ. ಮನೆಯವರೆಲ್ಲ ಒಂದೇ ದಿನ ಹಚ್ಕೋಬೇಕು. ನಾವು ನಾಳೆ ಶುಕ್ರವಾರ ಹಚ್ಕೊಂತೀವಿ."

ಅವನು ಯೋಚಿಸಿದ. "ನಮ್ಮನೆ ನಿಮ್ಮ ಗ್ಯಾರೇಜಿನ ಹಿಂದಿನ ಓಣೀಲೇ ಐತ್ರಿ" ಎಂದ. "ನಾವೂ ನಾಳೇನೇ ಹಚ್ಕೊಂತೀವಿ."