ಒನ್ಸ್ ಮೋರ್ ಅನ್ನಬಾರದ ತಮಟೆ

ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಕಳೆದಿದ್ದರೂ ಚಳಿ ಇನ್ನೂ ಬಿಟ್ಟಿರಲಿಲ್ಲ. ಪಾಂಡವಪುರದಲ್ಲಿ ನನ್ನದೊಂದು ಶಾಮಿಯಾನ ಅಂಗಡಿಯಿದೆ. ಕುರ್ಚಿ, ಪಾತ್ರೆ, ಲೈಟು, ಸ್ಪೀಕರ್ ಎಲ್ಲ ಬಾಡಿಗೆಗೆ ಕೊಡುತ್ತೇನೆ. ಮದುವೆಗೆ ಹೋದ ಕುರ್ಚಿಯೇ ಮಾರನೆಯ ದಿನ ತಿಥಿಗೂ ಹೋಗುತ್ತದೆ. ನಗುವವರನ್ನೂ ಅಳುವವರನ್ನೂ ನೋಡಿ ನೋಡಿ ನನ್ನ ಎದೆ ಮರಗಟ್ಟಿದೆ ಎಂದೇ ತಿಳಿದಿದ್ದೆ.

ಆ ಸಲ ಬೆಳಗೊಳದ ಹತ್ತಿರದ ಬಯಲಿನಲ್ಲಿ ಮೂರು ದಿನದ ಸಂಗೀತೋತ್ಸವ ಏರ್ಪಾಡಾಯಿತು. ನಡೆಸುವವರು ಬೆಂಗಳೂರಿನವರು, ಹಾಡುವವರು ನಾನಾ ದೇಶದವರು. ಕುರ್ಚಿ ಗೊತ್ತುಮಾಡಲು ಬಂದ ಹುಡುಗಿ ಹೊರದೇಶದ ಇಂಥ ಉತ್ಸವಗಳನ್ನು ಮೊಬೈಲಿನಲ್ಲಿ ತೋರಿಸಿದಳು. ಇಂಗ್ಲೆಂಡಿನಲ್ಲಿ ದನ ಮೇಯುವ ಹೊಲದ ತುಂಬ ಕಣ್ಣು ಹಾಯುವವರೆಗೂ ಟೆಂಟುಗಳು. ಜನ ಮೊಣಕಾಲುದ್ದ ಕೆಸರಿನಲ್ಲಿ ಕುಣಿಯುತ್ತಿದ್ದರು. ನಮ್ಮಲ್ಲಿ ಅಷ್ಟು ಜನ ಕೆಸರಿಗಿಳಿದರೆ ನಾಟಿಯಾದರೂ ಮುಗಿಯುತ್ತಿತ್ತು! ಅಮೆರಿಕದಲ್ಲಿ ಮರಳುಗಾಡಿನ ನಡುವೆಯೂ ಅದೇ ಕುಣಿತ.

"ನಮ್ಮದೂ ಹೀಗೇ ಆಗಬೇಕು ಅಂಕಲ್. ಈ ಊರ ಕಡೆಯದೇ ಒಂದು ಐಟಂ ಬೇಕು. ತಮಟೆಯವರು ಯಾರಾದರೂ ಗೊತ್ತಾ?" ಎಂದಳು.

ನನಗೆ ಥಟ್ಟನೆ ನೆನಪಾದವರು ದೇವಲಾಪುರದ ಕಡೆಯ ಅಣ್ಣತಮ್ಮಂದಿರು, ನಂಜಣ್ಣ ಮತ್ತು ಸಿದ್ದ. ಹಬ್ಬವಾಗಲಿ, ಸಾವಾಗಲಿ, ಆ ಸುತ್ತಿನಲ್ಲಿ ಇವರಿಲ್ಲದೆ ನಡೆಯುತ್ತಿರಲಿಲ್ಲ. ಅಣ್ಣ ಪ್ರಶ್ನೆ ಕೇಳಿದಂತೆ, ತಮ್ಮ ಉತ್ತರ ಕೊಟ್ಟಂತೆ ಬಾರಿಸುತ್ತಿದ್ದರು. ಹೋಗಿ ಕೇಳಿದಾಗ ನಂಜಣ್ಣ ಆಗಲಿ ಎಂದು ತಲೆಯಾಡಿಸಿದ. ಸಿದ್ದನಿಗೆ ಮಾತ್ರ ಹಿಡಿಸಲಾರದಷ್ಟು ಹಿಗ್ಗು.

"ಫಾರಿನ್ನೋರ್ ಮುಂದೆ ಬಡಿತೀವಿ ಅನ್ನಿ ಗೌಡ್ರೆ! ಅಂಗಾರೆ ಒಂದ್ ಹೊಸಾ ಪಂಚೆ ತಗೀಬೇಕು" ಎಂದ.

ಪಂಚೆಯನ್ನೇನೋ ತಂದ, ಉಡಲಿಲ್ಲ. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲೇ ಇಲ್ಲ. ಉತ್ಸವಕ್ಕೆ ಆಗಿನ್ನೂ ಎರಡು ಮೂರು ವಾರವಿತ್ತು.

ಮಣ್ಣಿಗೆ ನಾನೂ ಹೋಗಿದ್ದೆ. ತಮಟೆಯೊಂದನ್ನು ಬಿಟ್ಟು ಎಲ್ಲ ಇತ್ತು. ಸೂತಕ ಕಳೆಯುವವರೆಗೆ ತಮ್ಮ ಮನೆಯ ಸಾವಿಗೆ ತಾವೇ ಬಾರಿಸಬಾರದು ಎಂಬುದು ಅವರ ಮನೆತನದ ಕಟ್ಟಳೆ. ಅಕ್ಕಪಕ್ಕದ ಊರಿನ ತಮಟೆಯವರೆಲ್ಲ ಅಂದು ಯಾರದೋ ಮೆರವಣಿಗೆಗೆ ಹೋಗಿದ್ದರು. ಹೊತ್ತು ಇಳಿಯುವವರೆಗೆ ಕಾದರೂ ಒಬ್ಬರೂ ಬರಲಿಲ್ಲ. ಕೊನೆಗೆ ನನ್ನದೇ ಸ್ಪೀಕರಿನಲ್ಲಿ ಯಾವುದೋ ಭಜನೆ ಹಾಕಿ ಹೆಣ ಎತ್ತಿದರು.

ಗುಂಡಿಯ ಪಕ್ಕ ನಿಂತು ನಂಜಣ್ಣ ತನ್ನ ಬೆರಳುಗಳನ್ನು ಹಿಸುಕಿಕೊಳ್ಳುತ್ತಿದ್ದ. "ಊರೋರ್ನೆಲ್ಲ ಬಡ್ದು ಕಳುಸ್ದೋನು ಕಣ ಗೌಡ್ರೆ ಇವ್ನು. ಇವುನ್ನ ಮಾತ್ರ ದಿಕ್ಕಿಲ್ದೋನಂಗೆ ಕಳುಸ್ಬುಟ್ಟೊ" ಎಂದ.

ಉತ್ಸವಕ್ಕೆ ಅವನು ಬರುವುದಿಲ್ಲ ಎಂದುಕೊಂಡು ಬೇರೆಯವರನ್ನು ಹುಡುಕುತ್ತಿದ್ದೆ. ತಿಥಿಯಾದ ಮೇಲೆ ಅವನೇ ಫೋನ್ ಮಾಡಿದ. "ಸೂತ್ಕ ಕಳೀತು. ನಾನು ಬತ್ತೀನಿ, ಬ್ಯಾರೆ ಯಾರ್ಗೂ ಏಳ್ಬೇಡಿ" ಎಂದ. ಹೇಳಿದಂತೆಯೇ ಬಸ್ಸಿಳಿದು ಬಂದ. ಹೆಗಲಿಗೆ ಎರಡು ತಮಟೆ, ಸೊಂಟದಲ್ಲಿ ಮಡಿಕೆ ಇನ್ನೂ ಮಾಸದ ಹೊಸ ಪಂಚೆ. ಅದು ಯಾರ ಪಂಚೆ ಎಂದು ನಾನು ಕೇಳಲಿಲ್ಲ.

ತಮಟೆಯ ಚರ್ಮಕ್ಕೆ ಕಾವು ತಾಗದಿದ್ದರೆ ಸದ್ದು ಏಳುವುದಿಲ್ಲ. ಅಂದು ಬಯಲಿನಾಚೆಯ ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬೇರೆ. ವೇದಿಕೆಯ ಹಿಂದೆ ನಂಜಣ್ಣ ಒಂದು ಹಿಡಿ ಹುಲ್ಲಿಗೆ ಬೆಂಕಿ ಕೊಟ್ಟಿದ್ದೇ ತಡ, ಕಪ್ಪು ಅಂಗಿಯ ಕಾವಲಿನವನು ಓಡಿಬಂದು ಬೂಟುಗಾಲಲ್ಲಿ ತುಳಿದು ಆರಿಸಿದ. ಸುತ್ತ ಬಟ್ಟೆಯ ಟೆಂಟು, ಬೆಂಕಿ ಹಚ್ಚುವಂತಿಲ್ಲವಂತೆ. ಅವನ ತಪ್ಪೂ ಇರಲಿಲ್ಲ ಬಿಡಿ. ನಾನು ನನ್ನದೊಂದು ಹ್ಯಾಲೋಜನ್ ದೀಪ ಎಳೆದು ತಂದು ನಂಜಣ್ಣನ ಮುಂದೆ ಹಚ್ಚಿದೆ. ಅದರ ಬಿಸಿಗೆ ಅವನು ಎರಡೂ ತಮಟೆಗಳನ್ನು ಒಂದಾದ ಮೇಲೆ ಒಂದು ಹಿಡಿದು ಕಾಯಿಸಿದ.

"ಒಬ್ಬನಿಗೆ ಎರಡು ಯಾಕೆ ನಂಜಣ್ಣ?" ಎಂದೆ.

"ಒಂದು ನಂದು. ಒಂದು ಅವುಂದು" ಎಂದ.

ಹೊತ್ತು ಮುಳುಗುವ ಸಮಯಕ್ಕೆ ಅವನನ್ನು ಕರೆದರು. ತನ್ನ ತಮಟೆಯನ್ನು ವೇದಿಕೆಯ ಮೇಲೆ ಮಲಗಿಸಿ, ಸಿದ್ದನದನ್ನು ಕೊರಳಿಗೆ ಹಾಕಿಕೊಂಡ. ಮೊದಲು ಹಬ್ಬದ ಗತ್ತು, ಎಂದರೆ ಹಬ್ಬಕ್ಕೆ ಹೊಡೆಯುವ ತಾಳ, ಬಾರಿಸಿದ. ಹುಲ್ಲಿನ ಮೇಲೆ ಮಲಗಿದ್ದವರೆಲ್ಲ ಎದ್ದು ನಿಂತರು. ಆಮೇಲೆ ಒಮ್ಮೆಗೇ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು ಬೇರೆಯದನ್ನು ಶುರುಮಾಡಿದ. ನಿಧಾನಕ್ಕೆ ಒಂದು ಭಾರದ ಏಟು, ಅದರ ಹಿಂದೆ ಎರಡು ಸಣ್ಣವು, ಆಮೇಲೆ ಒಂದು ಖಾಲಿ ಜಾಗ. ಅದು ಹೆಣ ಎತ್ತುವಾಗ ಬಾರಿಸುವ ಗತ್ತು. ಅವನು ಖಾಲಿ ಬಿಟ್ಟದ್ದು ಸಿದ್ದ ಉತ್ತರ ಕೊಡಬೇಕಿದ್ದ ಜಾಗ.

ಕುಣಿಯುತ್ತಿದ್ದವರಿಗೆ ಇದು ಹೇಗೆ ಗೊತ್ತಾಗಬೇಕು? ಅವರು ಆ ಖಾಲಿ ಜಾಗಕ್ಕೆ ಸರಿಯಾಗಿ ಚಪ್ಪಾಳೆ ಹಾಕತೊಡಗಿದರು. ಅವನು ಬಿಟ್ಟಲ್ಲೆಲ್ಲ ಸಾವಿರಾರು ಕೈಗಳ ಚಪ್ಪಾಳೆ. ಪಾಪ, ಸಂತೋಷಕ್ಕೇ ಹೊಡೆದರು. ಆದರೆ ನಾನು ನೋಡಲಾರದೆ ಬೇಲಿಯ ಕಡೆಗೆ ಸರಿದೆ. ಬೇಲಿಯಾಚೆ ನೋಡಲು ನಿಂತಿದ್ದ ಸುತ್ತಲ ಊರಿನ ಗಂಡಸರು ತಲೆಯ ಟವೆಲು ತೆಗೆದು ಚಪ್ಪಲಿ ಬಿಟ್ಟು ನಿಂತಿದ್ದರು. ಒಬ್ಬ ಅಜ್ಜಿ ಬೇಲಿಯ ಸಂದಿಯಿಂದ ನನ್ನ ತೋಳು ಹಿಡಿದು, "ಯಾರ್ ಓದ್ರಪ್ಪ? ಯಾವೂರೋರು?" ಎಂದು ಕೇಳಿದಳು.

"ಅವನ ತಮ್ಮ ಕಣಜ್ಜಿ" ಎಂದೆ. ಇಷ್ಟು ವರ್ಷ ಸಾವಿನ ಮನೆಗಳಲ್ಲಿ ಶಾಮಿಯಾನ ಕಟ್ಟಿದವನು ಅಂದು ಮರೆ ಮಾಡಿಕೊಳ್ಳದೆ ಅತ್ತುಬಿಟ್ಟೆ.

ನಂಜಣ್ಣ ನಿಲ್ಲಿಸಿದ್ದೇ ಬಯಲಿಗೆ ಬಯಲೇ ಕೂಗಿಕೊಂಡಿತು. "ಒನ್ಸ್ ಮೋರ್! ಒನ್ಸ್ ಮೋರ್!" ಆ ಹುಡುಗಿ ಕಣ್ಣರಳಿಸಿ ಓಡಿಬಂದಳು. "ಅಂಕಲ್, ಅವರಿಗೆ ಹೇಳಿ, ಇನ್ನೊಂದೇ ಸಲ."

ನಂಜಣ್ಣ ಎರಡೂ ತಮಟೆ ಎತ್ತಿಕೊಂಡು ಆಗಲೇ ಮೆಟ್ಟಿಲಿಳಿದಿದ್ದ. "ಇದ್ನ ಎಲ್ಡನೇ ಸಲ ಬಡಿಯಂಗಿಲ್ಲ ಕಣವ್ವ. ಬಡುದ್ರೆ ಇನ್ನೊಂದ್ ಎಣ ಕೇಳ್ತದೆ" ಎಂದ. ಅವಳಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು, ನಾನು ಗಾಡಿ ತರಲು ಹೊರಟೆ.

ಅವನನ್ನು ನನ್ನ ಗಾಡಿಯಲ್ಲೇ ಊರಿಗೆ ಬಿಟ್ಟೆ. ದಾರಿಯಲ್ಲಿ ಒಂದೇ ಮಾತಾಡಿದ. "ತಡವಾದ್ರೂ ಕಳುಸ್ದೆ ಬುಡಿ."

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಈ ವರ್ಷ ಶ್ರೀರಂಗಪಟ್ಟಣದ ಹತ್ತಿರ ಒಂದು ಮದುವೆಗೆ ಶಾಮಿಯಾನ ಹಾಕಿದ್ದೆ. ಊಟದ ಹೊತ್ತಿನಲ್ಲಿ ಡಿಜೆಯವನು ಏನೋ ಹಾಕಿದ, ಹುಡುಗರೆಲ್ಲ ಗಂಡಿನ ಸುತ್ತ ಕುಣಿಯತೊಡಗಿದರು. ಒಂದು ಭಾರದ ಏಟು, ಎರಡು ಸಣ್ಣವು, ಆಮೇಲೆ ಚಪ್ಪಾಳೆ. ಅಂದು ಯಾರೋ ಮೊಬೈಲಿನಲ್ಲಿ ಹಿಡಿದದ್ದಕ್ಕೆ ಇನ್ನಷ್ಟು ಸದ್ದು ಸೇರಿಸಿ ಹಾಡು ಮಾಡಿಬಿಟ್ಟಿದ್ದರು. ಪಂಕ್ತಿಯಲ್ಲಿದ್ದ ಮುದುಕಿಯರು ತುತ್ತು ಕೈಯಲ್ಲೇ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾನು ಓಡಿಹೋಗಿ ವೈರು ಕಿತ್ತೆ.

"ಯಾಕ್ಲಾ ನಿಲ್ಸುದ್ರು? ಒನ್ಸ್ ಮೋರ್ ಹಾಕೊ!" ಎಂದು ಹುಡುಗರು ಕೂಗಿದರು.

"ಕರೆಂಟ್ ಓಯ್ತು ಕಣ್ರಪ್ಪ" ಎಂದೆ.

ಎಷ್ಟು ಕಡೆಯಂತ ವೈರು ಕೀಳಲಿ? ಈಗಲೂ ಎಲ್ಲಿಯಾದರೂ ಡಿಜೆ ಗಾಡಿ ಕಂಡರೆ ಕಣ್ಣು ಮೊದಲು ಅದರ ವೈರು ಹುಡುಕುತ್ತದೆ. ನಂಜಣ್ಣನ ಹತ್ತಿರ ಇರುವುದು ಹಳೆಯ ಬಟನ್ ಫೋನು, ಅದೊಂದು ಪುಣ್ಯ. ತಮ್ಮನನ್ನು ಕಳುಹಿಸಿಕೊಟ್ಟೆ ಎಂದು ಅವನು ನೆಮ್ಮದಿಯಾಗಿದ್ದಾನೆ. ಸಿದ್ದನ ಹೆಣವನ್ನು ಜನ ಇನ್ನೂ ಎತ್ತುತ್ತಲೇ ಇದ್ದಾರೆ ಎಂದು ಅವನಿಗೆ ಹೇಳಲು ನನಗೆ ಬಾಯಿ ಬಂದಿಲ್ಲ.