ವಾಡಿ ಜಂಕ್ಷನ್ನಿನ ತೂಕದ ಯಂತ್ರ

ಚಿಂಚೋಳಿಯಿಂದ ಮುಂಜಾನೆಯ ಮೊದಲ ಬಸ್ಸು ಹಿಡಿದು ಸೇಡಂ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಅದು ಎಪ್ಪತ್ತರ ದಶಕದ ಒಂದು ಬೇಸಿಗೆ. ರೈಲು ನಿಲ್ದಾಣಗಳಲ್ಲಿ ಹತ್ತು ಪೈಸೆ ಹಾಕಿದರೆ ತೂಕ ಅಚ್ಚಾದ ರಟ್ಟಿನ ಚೀಟಿ ಕೊಡುವ ಯಂತ್ರಗಳಿರುತ್ತಿದ್ದವಲ್ಲ, ಅವುಗಳ ರಿಪೇರಿ ನನ್ನ ಕೆಲಸ. ವಾಡಿಯ ಯಂತ್ರ ತೂಕ ಹೆಚ್ಚು ತೋರಿಸುತ್ತದೆ ಎಂಬ ದೂರು ಬಂದು ಎರಡು ತಿಂಗಳಾಗಿತ್ತು. ಅಲ್ಲಿಯ ಬಿಸಿಲಿಗೂ ಸಿಮೆಂಟ್ ಧೂಳಿಗೂ ಬೇಸತ್ತು ನಾನೇ ಮುಂದೂಡುತ್ತ ಬಂದಿದ್ದೆ. ಒಂದೆರಡು ಕಿಲೋ ಹೆಚ್ಚು ಬಂದರೆ ಯಾರಿಗೇನು ನಷ್ಟ ಎಂದುಕೊಂಡಿದ್ದೆ.

ಸೇಡಮ್ಮಿನ ಯಂತ್ರದಲ್ಲಿ ನಾಣ್ಯ ಹಾಕುವ ಸಂದಿಗೆ ಯಾರೋ ಸೋಡಾ ಬಾಟಲಿಯ ಮುಚ್ಚಳವನ್ನು ಚಪ್ಪಟೆ ಮಾಡಿ ತುರುಕಿದ್ದರು. ಅದನ್ನು ತೆಗೆಯಲು ಅರ್ಧ ತಾಸು ಹಿಡಿಯಿತು. ಪ್ಯಾಸೆಂಜರ್ ಗಾಡಿ ಒಂದೂವರೆ ತಾಸು ತಡವಾಗಿ ಬಂತು. ಚಿತ್ತಾಪುರದಲ್ಲಿ ಇಳಿದು ಯಂತ್ರದ ಸುಟ್ಟ ಬಲ್ಬುಗಳನ್ನು ಬದಲಿಸಿ, ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಪುಂಡಿ ಪಲ್ಯ ತಿಂದು ಮುಂದಿನ ಗಾಡಿ ಹತ್ತಿದೆ.

ವಾಡಿಯಲ್ಲಿ ನಾನು ಚೀಲ ಇಳಿಸುವಾಗಲೇ ಗಂಡಹೆಂಡತಿ ಇಬ್ಬರು ಯಂತ್ರದ ಮುಂದೆ ನಿಂತಿದ್ದರು. ಗಂಡ ಭೀಮಶಾ, ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ಹೊರುವವನು. ಹೆಂಡತಿ ನಾಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ಅವಳು ಹತ್ತಿ ನಿಂತಳು, ಚಕ್ರ ತಿರುಗಿತು, ಚೀಟಿ ಬಿತ್ತು. ನಲವತ್ತೆರಡು ಕಿಲೋ. ಭೀಮಶಾ ಅಂಗಿಯ ಜೇಬಿನಿಂದ ಹಳೆಯ ಚೀಟಿಗಳನ್ನೂ ತೆಗೆದು ನನಗೆ ತೋರಿಸಿದ. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತೊಂದು.

"ನೋಡ್ರಿ ಸಾಹೇಬ್ರ, ತಿಂಗಳಾ ತಿಂಗಳಾ ಏರಾಕತ್ತದ. ಇಕಿ ಆರಾಮ ಆಗ್ಯಾಳ," ಎಂದ.

ಅವಳಿಗೆ ಕ್ಷಯ. ಶಹಾಬಾದಿನ ದವಾಖಾನೆಯಲ್ಲಿ ಸೂಜಿ ನಡೆದಿತ್ತಂತೆ. ಮೈ ತುಂಬುತ್ತಿದೆ ಎಂದು ನಂಬಿ, ಹೋಗಿಬರುವ ದಿನದ ಕೂಲಿಯೂ ಉಳಿಯುತ್ತದೆಂದು ಮೂರು ತಿಂಗಳಿಂದ ಸೂಜಿ ಬಿಟ್ಟಿದ್ದರು. ನಾಗಮ್ಮನಿಗೆ ನಿಲ್ಲಲಾಗಲಿಲ್ಲ. ಇಬ್ಬರೂ ಪ್ಲಾಟ್‌ಫಾರ್ಮಿನ ಕೊನೆಯ ಬೇವಿನ ನೆರಳಿಗೆ ಹೋಗಿ ಕುಳಿತರು.

ನಾನು ಪಾರ್ಸಲ್ ಆಫೀಸಿನಿಂದ ತಲಾ ಇಪ್ಪತ್ತು ಕಿಲೋದ ಎರಡು ಕಬ್ಬಿಣದ ತೂಕದ ಕಲ್ಲು ತಂದು ಯಂತ್ರದ ಮೇಲಿಟ್ಟೆ. ನಲವತ್ತಾರು ತೋರಿಸಿತು. ಒಳಗಿನ ಸ್ಪ್ರಿಂಗು ಸಡಿಲಾಗಿತ್ತು. ಅದು ದಿನದಿಂದ ದಿನಕ್ಕೆ ಸಡಿಲಾಗುತ್ತ ಹೋದಂತೆ ಚೀಟಿಯ ಅಂಕಿ ಏರುತ್ತ ಬಂದಿತ್ತು. ಹೊಸ ಸ್ಪ್ರಿಂಗು ಕೂಡಿಸಿದೆ. ಸುಮ್ಮನೆ ಯಂತ್ರದ ಬಾಗಿಲು ಮುಚ್ಚಿ ಹೊರಟುಬಿಡಬಹುದಿತ್ತು. ಹಾಗೆ ಮಾಡಲಾಗಲಿಲ್ಲ. ಬೇವಿನ ಬುಡಕ್ಕೆ ಹೋಗಿ, ಯಂತ್ರ ಆರು ಕಿಲೋ ಹೆಚ್ಚು ತೋರಿಸುತ್ತಿತ್ತು ಎಂದು ಹೇಳಿದೆ.

ಭೀಮಶಾನಿಗೆ ಮೊದಲು ಅರ್ಥವಾಗಲಿಲ್ಲ. ಮಿಷನ್ ಸುಳ್ಳು ಹೇಳುತ್ತದೆಯೇ ಎಂದು ಎರಡು ಸಲ ಕೇಳಿದ. ನಾಗಮ್ಮ ನೆಲ ನೋಡುತ್ತ ಮಾತಾಡಿದಳು.

"ನನಗ ಗೊತ್ತಿತ್ರಿ ಅಣ್ಣಾ. ಬಳಿ ಮೊಳಕೈತನಕ ಜಾರ್ತಾವ. ಚೀಟಿ ನೋಡಿ ಇವ್ರು ನಗ್ತಿದ್ರು, ಅದಕ್ಕ ಸುಮ್ನಿದ್ದೆ."

ಆ ರಾತ್ರಿ ನಾನು ವಾಡಿಯಲ್ಲೇ ಉಳಿದೆ. ಮರುದಿನ ಮುಂಜಾನೆಯ ಗಾಡಿಗೆ ಮೂವರೂ ಶಹಾಬಾದಿಗೆ ಹೊರಟೆವು. ಹತ್ತು ಹನ್ನೊಂದು ಕಿಲೋಮೀಟರಿನ ದಾರಿ. ಹಳಿಯ ಪಕ್ಕದಲ್ಲಿ ನೆಲಕ್ಕೆ ಹಾಸುವ ಪರಸಿಕಲ್ಲಿನ ರಾಶಿಗಳು ಧೂಳು ಹೊತ್ತು ಬಿದ್ದಿದ್ದವು. ನಾಗಮ್ಮ ಕಿಟಕಿಗೆ ತಲೆ ಆನಿಸಿ ಮಲಗಿದ ಮೇಲೆ, ದೂರು ಬಂದು ಎರಡು ತಿಂಗಳಾಗಿತ್ತು, ನಾನೇ ಬರಲಿಲ್ಲ ಎಂದು ಭೀಮಶಾನಿಗೆ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಟವೆಲ್ಲು ಮಡಿಚಿ ಕಿಟಕಿಗೂ ಅವಳ ತಲೆಗೂ ನಡುವೆ ಇಟ್ಟ.

ದವಾಖಾನೆಯ ತಕ್ಕಡಿಯಲ್ಲಿ ಅವಳು ಮೂವತ್ತಾರು ಕಿಲೋ ಇದ್ದಳು. ಡಾಕ್ಟರು ಎದೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು. ಇಲ್ಲೇ ಇಟ್ಟುಕೊಳ್ಳಬೇಕು, ಮುಂದಿನದು ಹೇಳಲಾಗದು ಎಂದರು. ಮಂಚದ ಮೇಲೆ ಮಲಗಿಸಿದಾಗ ನಾಗಮ್ಮ ನನ್ನನ್ನು ಕರೆದು, ನಮ್ಮವರು ನಿನ್ನೆಯಿಂದ ಏನೂ ತಿಂದಿಲ್ಲ, ಒಂದು ಚಹಾ ಆದರೂ ಕುಡಿಸಿರಿ ಎಂದಳು.

ಎದುರಿನ ಹೋಟೆಲಿನಲ್ಲಿ ಭೀಮಶಾ ಕಪ್ಪು ಹಿಡಿದೇ ಕುಳಿತ. ಚಹಾ ಆರಿತು. ಆಮೇಲೆ ನನ್ನ ಕಡೆ ತಿರುಗಿದ.

"ಈಗ ಒಳಗ ಹೋಗಿ ಆಕಿ ಮುಂದ ಮಾರಿ ಹ್ಯಾಂಗ ಇಟ್ಕೊಳ್ಳಲ್ರಿ?"

ನಾನು ಚಹಾದ ದುಡ್ಡು ಕೊಟ್ಟು ಎದ್ದೆ. ಮಳೆಗಾಲದಲ್ಲಿ ಮತ್ತೆ ವಾಡಿಗೆ ಹೋದಾಗ ಅವಳು ತೀರಿಕೊಂಡ ಸುದ್ದಿ ತಿಳಿಯಿತು. ಭೀಮಶಾ ಕಾರ್ಖಾನೆ ಬಿಟ್ಟು ಮುಧೋಳದ ಕಡೆಯ ತನ್ನ ಊರಿಗೆ ಹೋಗಿದ್ದ. ಆದರೆ ಶಹಾಬಾದಿನಲ್ಲಿ ಅಂದು, ನಾನು ಮರಳುವ ಗಾಡಿಗೆ ಹೊರಟು ದವಾಖಾನೆಯ ಗೇಟಿನಿಂದ ತಿರುಗಿ ಕಿಟಕಿಯೊಳಗೆ ನೋಡಿದಾಗ, ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ ಮಂಚದ ಅಂಚಿಗೆ ಕುಳಿತಿದ್ದ. ಅವಳು ಏನೋ ಹೇಳುತ್ತಿದ್ದಳು. ಅವನು ನಗಲು ನೋಡುತ್ತಿದ್ದ.