ಬಸ್ಸಿನ ಹಿಂದೆ ಖಾಲಿ ವ್ಯಾನು

ಹೆಂಡತಿ ಬಸ್ಸಿನಲ್ಲಿ ಹೋದರೆ ಅದೇ ಬಸ್ಸಿನ ಹಿಂದೆ ಸ್ವಂತ ಗಾಡಿಯನ್ನು ಖಾಲಿ ಓಡಿಸಿಕೊಂಡು ಹೋಗುವ ಗಂಡಸು ನಮ್ಮ ಮಸಗುಪ್ಪಿಯಲ್ಲಿ ಒಬ್ಬನೇ. ನನ್ನ ಬಾಜೂ ಮನೆಯ ಭೀಮಶಿ. ಪೂರ್ತಿ ಖಾಲಿ ಅನ್ನುವಂತಿಲ್ಲ ಬಿಡಿ. ಜೋಳದ ಹಿಟ್ಟು, ಬೆಲ್ಲ, ತವರಿಗೆ ಒಯ್ಯುವ ಕಾಯಿಪಲ್ಲೆ, ಎಲ್ಲವನ್ನೂ ಅವನ ಹೆಂಡತಿ ಕಸ್ತೂರಿ ವ್ಯಾನಿಗೇ ಹಾಕುತ್ತಿದ್ದಳು. ಸಾಮಾನು ವ್ಯಾನಿನಲ್ಲಿ, ತಾನು ಬಸ್ಸಿನಲ್ಲಿ.

ಕಸ್ತೂರಿಯ ತವರು ಹುಕ್ಕೇರಿ. ತಾಯಿ ಹಾಸಿಗೆ ಹಿಡಿದ ಮೇಲೆ ತಿಂಗಳಿಗೊಮ್ಮೆಯಾದರೂ ಹೋಗಿ ಬರುತ್ತಾಳೆ. ಗೋಕಾಕದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಅವಳ ಜೊತೆ ನಾನೂ ಹೊರಡುತ್ತೇನೆ. ಹುಕ್ಕೇರಿಯಲ್ಲಿ ನನಗೇನೂ ಕೆಲಸವಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ, ಮನೆಯಲ್ಲಿ ಕೂತು ಗೋಡೆ ನೋಡುವ ಬದಲು ಕಿಟಕಿಯಲ್ಲಿ ಹೊಲ ನೋಡೋಣ ಅಂತ ಹೋಗುವವಳು ನಾನು. ನಮ್ಮ ಯಜಮಾನರು ತೀರಿದ ಮೇಲೆ ನನ್ನ ಜೊತೆ ಕೂತು ಮಾತಾಡುವವಳು ಕಸ್ತೂರಿ ಒಬ್ಬಳೇ.

ಭೀಮಶಿ ಹುಟ್ಟಿದ್ದು ನಾನು ಈ ಓಣಿಗೆ ಸೊಸೆಯಾಗಿ ಬಂದ ಮೇಲೆ. ಗಂಡ ಹೆಂಡತಿ ಇಬ್ಬರೂ ನನ್ನನ್ನು ಆಯಿ ಅಂತಲೇ ಕರೆಯುವುದು. ಸಾಲಿಯ ಮೆಟ್ಟಿಲು ಹತ್ತುವ ಮೊದಲೇ ಅವನ ಅಪ್ಪ ಕರೆಪ್ಪ ಅವನನ್ನು ಕುರಿಗಳ ಹಿಂದೆ ಹಚ್ಚಿದ. ದೀಪಾವಳಿ ಮುಗಿದು ಮಂದೆ ಹೊರಬಿತ್ತೆಂದರೆ ಕೌಜಲಗಿ ಕಡೆಯ ಎರೆಹೊಲಗಳಲ್ಲೇ ಅವನ ಚಳಿಗಾಲ ಕಳೆಯುತ್ತಿತ್ತು. ಕುರಿಗೆ ಹೇಳಲು ಮಾತು ಬೇಕಿಲ್ಲ. ನಾಲಿಗೆಯಿಂದ ಟಕ್ ಅಂದರೆ ತಿರುಗುತ್ತವೆ, ಸಿಳ್ಳು ಹಾಕಿದರೆ ನಿಲ್ಲುತ್ತವೆ. ಊರಿಗೆ ಬಂದರೂ ಅವ್ವನ ಹತ್ತಿರ ನೀರು ಕೇಳಲು ಟಕ್ ಅನ್ನುತ್ತಿದ್ದ. ಅವ್ವ ತಂಬಿಗೆ ಕುಕ್ಕಿ, "ನಾ ಏನ್ ಕುರಿ ಅದೇನೇನೋ?" ಅಂತ ಬೈಯುತ್ತಿದ್ದಳು. ಅವನು ನೀರು ಕುಡಿದು ಸುಮ್ಮನೆ ಎದ್ದು ಹೋಗುತ್ತಿದ್ದ.

ಮುಂದೆ ಕುರಿ ಮಾರಿದ, ಡ್ರೈವಿಂಗ್ ಕಲಿತ, ಎಲ್ಲಿಂದಲೋ ಹಳೆಯದೊಂದು ಬಿಳಿ ವ್ಯಾನು ತಂದ. ಅದರಲ್ಲಿ ಎಂಜಿನ್ನು ಮುಂದಿನ ಸೀಟುಗಳ ಕೆಳಗೇ ಇರುತ್ತದೆ. ಸೀಟು ಎತ್ತಿದರೆ ಕಾಣುತ್ತದೆ. ಮೊದಮೊದಲು ಕಸ್ತೂರಿ ಸೆರಗು ಸರಿಮಾಡಿಕೊಂಡು ಗಂಡನ ಬಾಜೂ ಕೂತೇ ತವರಿಗೆ ಹೋಗುತ್ತಿದ್ದಳು. ಆಮೇಲೆ ಒಳಗೆ ಸುಟ್ಟ ಎಣ್ಣೆಯ ವಾಸನೆ ಶುರುವಾಯಿತು. ಒಮ್ಮೆ ದಾರಿಯಲ್ಲಿ ವಾಂತಿ ಮಾಡಿಕೊಂಡಳು. ಅವತ್ತಿನಿಂದ ಬಸ್ಸು ಹಿಡಿದಳು.

ಎಂಜಿನ್ನಿನ ಹೊಟ್ಟೆಯಲ್ಲಿ ಎಣ್ಣೆ ಇರುತ್ತದಂತೆ, ಅದರ ಮೇಲೆ ಹೊಗೆ ಕೂಡುತ್ತದಂತೆ. ಆ ಹೊಗೆ ಹೊರಗೆ ಬರಬಾರದು ಅಂತ ಒಂದು ರಬ್ಬರ್ ಪೈಪು, ಒಂದು ಸಣ್ಣ ವಾಲ್ವು ಅದನ್ನು ಎಳೆದುಕೊಂಡು ಹೋಗಿ ಮತ್ತೆ ಎಂಜಿನ್ನಿನಲ್ಲೇ ಸುಡಲು ಬಿಡುತ್ತವೆ. ಆ ಪೈಪು ಹರಿದಿತ್ತು. ಭೀಮಶಿ ಏನು ಮಾಡಿದ? ಹಳೇ ಕಂಬಳಿಯ ಉಣ್ಣೆ ಹಿರಿದು ತೂತಿಗೆ ತುರುಕಿ ತಂತಿ ಬಿಗಿದ. ನಮ್ಮ ಮಂದಿಗೆ ಕೊಡ ಸೋರಿದರೂ ಉಣ್ಣೆ, ಮಾಳಿಗೆ ಸೋರಿದರೂ ಉಣ್ಣೆ. ವಾಸನೆ ಒಂದಿಷ್ಟು ಕಡಿಮೆಯಾಯಿತು, ಹೋಗಲಿಲ್ಲ.

ಒಂದು ದಿನ ಅವನ ಕಟ್ಟೆಯ ಮೇಲೆ ಕೂತು ಕೇಳಿದೆ. "ಹೊಸಾ ಪೈಪ್ ಹಾಕಿಸಿದ್ರ ಮುಗೀತಲ್ಲೋ ತಮ್ಮಾ, ಯಾಕ ಹಾಕಸವೊಲ್ಲಿ?"

ಅವನು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದ.

"ಹಾಕಿಸಿದ ಮ್ಯಾಲೂ ಆಕಿ ಬಂದು ಕುಂಡ್ರಲಿಲ್ಲಂದ್ರ, ಆಯಿ?"

ವಾಸನೆ ಇರುವ ತನಕ ತಪ್ಪು ವ್ಯಾನಿನದು. ವಾಸನೆ ಹೋದರೆ ತಪ್ಪು ಯಾರ ಮೇಲೆ ಹಾಕಬೇಕು?

ಈ ವರ್ಷ ಬೇಸಿಗೆಯಲ್ಲಿ ಹುಕ್ಕೇರಿಯಿಂದ ತಿರುಗಿ ಬರುವಾಗ ವ್ಯಾನು ರಸ್ತೆಯಲ್ಲೇ ನಿಂತುಬಿಟ್ಟಿತು. ಉಣ್ಣೆ ತುರುಕಿದ್ದಕ್ಕೆ ಒಳಗಿನ ಗಾಳಿಗೆ ದಾರಿ ಸಿಗದೆ, ಎಣ್ಣೆ ಅಳೆಯುವ ಕಡ್ಡಿಯನ್ನೇ ಹೊರಗೆ ತಳ್ಳಿ ಎಂಜಿನ್ನು ಎಣ್ಣೆಯನ್ನೆಲ್ಲ ಕಾರಿಕೊಂಡಿತ್ತು. ನಮ್ಮ ಬಸ್ಸು ಮುಂದೆ ಹೋಯಿತು. ಕಸ್ತೂರಿ ಒಮ್ಮೆ ತಿರುಗಿ ನೋಡಿ, "ಎಲ್ಲಿ ನಿಂತ್ರೋ ಏನೋ" ಅಂದಳು. ಬಸ್ಸು ನಿಲ್ಲಿಸಿರಿ ಅನ್ನಲಿಲ್ಲ.

ಗೋಕಾಕದ ಮೆಕ್ಯಾನಿಕ್ ಹಣಮಂತ ಹೋಗಿ ಉಣ್ಣೆ ಕಿತ್ತು, ಹೊಸ ಎಣ್ಣೆ ಹಾಕಿ, ಸರಿಯಾಗಿ ಬೈದನಂತೆ. "ಕುರಿ ಹೊಟ್ಟಿ ಉಬ್ಬಿದ್ರ ಬಾಯಿ ಹೊಲೀತಿಯೇನ್ ಭೀಮಶಣ್ಣಾ? ಗಾಳಿ ಬಿಡಸ್ತಿ ಹೌದಿಲ್ಲೋ?"

ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಪೈಪು, ವಾಲ್ವು, ಕ್ಲಿಪ್ಪು ಕೊಂಡು ತಂದ. ಗ್ಯಾರೇಜಿನಲ್ಲಿ ನಾಲ್ಕು ಮಂದಿ ಮಾತಿಗೆ ಎಳೆಯುತ್ತಾರೆ ಅಂತ ಮನೆಯ ಅಂಗಳದಲ್ಲೇ ಕೆಲಸಕ್ಕೆ ಕೂತ. "ಆಯಿ, ಬ್ಯಾಟ್ರಿ ಹಿಡಿ ಬಾ" ಅಂದ. ಹೊರಗೆ ಬಿಸಿಲು ಇದ್ದರೂ ಸೀಟಿನ ಕೆಳಗೆ ಕತ್ತಲು. ಟಾರ್ಚು ಹಿಡಿದು ನಿಂತೆ.

ಹಳೆಯ ಪೈಪು ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಚೂರುಚೂರಾಗಿ ಕೈಗೆ ಬಂತು. ವಾಲ್ವನ್ನು ಮಾತ್ರ ಬಹಳ ಹೊತ್ತು ತಿರುವಬೇಕಾಯಿತು. ಕಿತ್ತು ಕಿವಿಯ ಹತ್ತಿರ ಅಲುಗಾಡಿಸಿದ, ಸಪ್ಪಳವಿಲ್ಲ. ಒಳಗೆಲ್ಲ ಕರಿ ಜಿಡ್ಡು ಹೆಪ್ಪುಗಟ್ಟಿತ್ತು. ಹೊಸದನ್ನು ನನ್ನ ಕಿವಿಗೆ ಹಿಡಿದ. ಒಳಗಿನ ಗುಂಡು ಅತ್ತಿತ್ತ ಆಡುವುದು ಕೇಳಿತು. ತೂತನ್ನು ಅರಿವೆಯಿಂದ ಒರೆಸಿ, ವಾಲ್ವು ಕೂಡಿಸಿ, ಪೈಪು ಸಿಗಿಸಿ, ಕ್ಲಿಪ್ಪು ಬಿಗಿದ. ಬಿಗಿದದ್ದನ್ನೇ ಮತ್ತೆ ಮತ್ತೆ ಮುಟ್ಟಿ ನೋಡಿದ. ಮುಗಿಯುವುದೇ ಬೇಡ ಅನ್ನುವ ಹಾಗೆ.

"ಸಾಕೋ, ಚಾಲೂ ಮಾಡು," ಅಂದೆ.

ಎಂಜಿನ್ನು ಓಡುವಾಗ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು ಅದರ ಮೇಲೆ ಪೇಪರಿನ ಚೂರು ಇಟ್ಟ. ಗಾಳಿ ಹೊರಗೆ ಬರುತ್ತಿದ್ದರೆ ಹಾರಬೇಕು. ಹಾರಲಿಲ್ಲ, ಮೆಲ್ಲಗೆ ಒಳಕ್ಕೆ ಜಗ್ಗಿದಂತಾಗಿ ಬಾಯಿಗೆ ಅಂಟಿ ಕೂತಿತು. "ಎಳೀತು," ಅಂದ ಭೀಮಶಿ. ಮುಚ್ಚಳ ಹಾಕಿ ಸೀಟು ಇಳಿಸಿದ. ನಾನು ಮೂಗು ತೂರಿಸಿ ನೋಡಿದೆ. ಬಿಸಿಯಾದ ರೆಕ್ಸಿನ್ ವಾಸನೆ ಬಿಟ್ಟರೆ ಏನಿಲ್ಲ.

ರೊಟ್ಟಿ ಬಡಿಯುತ್ತಿದ್ದ ಕಸ್ತೂರಿ ಹಿಟ್ಟಿನ ಕೈಯಲ್ಲೇ ಬಂದಳು. ಮುಂದಿನ ಸೀಟಿಗೆ ಹತ್ತಿ ಕೂತಳು. ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ ಉಸಿರು ಎಳೆದಳು. ಭೀಮಶಿ ನಟ್ಟು ತಿರುವುವ ಪಾನಾ ಹಿಡಿದುಕೊಂಡು ಹೊರಗೇ ನಿಂತಿದ್ದ.

"ಖರೇನ ವಾಸನಿ ಹೋಗೇತ್ರಿ," ಅಂದಳು.

"ಹಂಗಾರ ಬರೋ ಸೋಮವಾರ..."

"ಬಸ್ಸಿಗೇ ಹೋಗ್ತೇನ್ರಿ." ಇಳಿದು ಬಾಗಿಲು ಹಾಕಿದಳು. "ಇಲ್ಲಿಂದ ಹುಕ್ಕೇರಿ ತನಕ ನೀವು ಒಂದ್ ಮಾತ್ ಆಡೂದಿಲ್ಲ. ಹಾರನ್ ಹೊಡೀತೀರಿ, ಗೇರ್ ಹಾಕ್ತೀರಿ. ನಾ ಹಿಟ್ಟಿನ ಚೀಲದಂಗ ಕುಂತಿರಬೇಕು. ಬಸ್ಸಿನ್ಯಾಗ ಮಾತಾಡಾಕ ಮಂದಿ ಇರ್ತಾರ."

ಸಿಟ್ಟಿನಿಂದ ಅನ್ನಲಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆ ಅಂದಷ್ಟೇ ಸಲೀಸಾಗಿ ಅಂದು ಒಳಗೆ ಹೋದಳು. ಎಂಜಿನ್ನು ಓಡುತ್ತಲೇ ಇತ್ತು. ಅದನ್ನು ಬಂದ್ ಮಾಡಬೇಕು ಅನ್ನುವುದೂ ಅವನಿಗೆ ನೆನಪಾಗಲಿಲ್ಲ. ನಾನೇ ಹೇಳಬೇಕಾಯಿತು.

ಸೋಮವಾರ ಬಸ್ ನಿಲ್ದಾಣಕ್ಕೆ ಅವನು ನಡೆದು ಬಂದ, ಚೀಲಗಳನ್ನು ಹೆಗಲ ಮೇಲೆ ಹೊತ್ತುಕೊಂಡು. ಬಸ್ಸು ಬಂತು. ನಾವು ಹತ್ತಿದೆವು, ಹಿಂದೆ ಅವನೂ ಹತ್ತಿದ.

"ಏನ್ ಭೀಮಶಣ್ಣಾ, ಗಾಡಿ ಮಾರಿದ್ಯಾ?" ಅಂದ ಕಂಡಕ್ಟರ್. "ಈ ಬಸ್ಸಿನ್ಯಾಗ ತಿಕೀಟ್ ತಗೊಳ್ಳೂ ಬಡವ ಇವತ್ತ ನೀ ಒಬ್ಬನ ನೋಡು!"

ಮುಂದೆಲ್ಲ ಹೆಂಗಸರು ತುಂಬಿದ್ದರು. ಅವನು ಹಿಂದೆ ಹೋಗಿ ಕಂಬ ಹಿಡಿದು ನಿಂತ. ಬಸ್ಸಿನ ಡ್ರೈವರು ಬ್ರೇಕು ಹಾಕಿದಾಗೆಲ್ಲ ಇವನ ಬಲಗಾಲೂ ನೆಲ ಒತ್ತುತ್ತಿತ್ತು. ಕಸ್ತೂರಿ ನನ್ನ ಬಾಜೂ ಕೂತು ಎಂದಿನಂತೆ ಮಾತು ಶುರು ಮಾಡಿದಳು.

"ನಾ ಹೊಸದಾಗಿ ಗಂಡನ ಮನಿಗೆ ನಡ್ಯಾಕ ಬಂದಾಗ ಆಯಿ, ಇವರಿಗೆ ಹೊಲಕ್ಕ ಬುತ್ತಿ ಒಯ್ದಿದ್ದೆ. ಕುರಿ ಕಾಯೂ ನಾಯಿ ಬೆನ್ನ ಹತ್ತಿತು ನೋಡ್ರಿ. ಬುತ್ತಿ ಅಲ್ಲೇ ಒಗದು ಬೇವಿನ ಗಿಡಾ ಏರಿ ಕುಂತೆ."

"ಬೇವಿನ ಗಿಡ ಅಲ್ಲ."

ಹಿಂದಿನಿಂದ ಬಂತು ದನಿ. ಇಷ್ಟು ದೊಡ್ಡ ದನಿ ಅವನಿಗೆ ಇದೆ ಅಂತ ನನಗೂ ಗೊತ್ತಿರಲಿಲ್ಲ. ಬಸ್ಸೆಲ್ಲ ಹೊರಳಿ ನೋಡಿತು. ಕಸ್ತೂರಿ ಹೊರಳಲಿಲ್ಲ.

"ಬೇವಿನ ಗಿಡಾನ," ಅಂದಳು ಮುಂದೆ ನೋಡುತ್ತಲೇ.

"ಬಾರಿಹಣ್ಣಿನ ಗಿಡ. ಮುಳ್ಳ ತಗದಾಂವ ನಾ ಅದೇನಿ."

"ಎಲ್ಲೆಲ್ಲಿ ನಟ್ಟಿದ್ದು ಅದನ್ನೂ ಹೇಳ್ಬಿಡಪಾ, ತಿಕೀಟ್ ಮಾಫ್!" ಅಂದ ಕಂಡಕ್ಟರ್. ಹೆಂಗಸರು ಬಿದ್ದು ಬಿದ್ದು ನಕ್ಕರು. ಕಸ್ತೂರಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ನಗು ಇಳಿದ ಮೇಲೆ ಮೊದಲ ಸಲ ಹಿಂದಕ್ಕೆ ತಿರುಗಿದಳು.

"ಆ ನಾಯಿ ಹೆಸರಾದ್ರೂ ನೆನಪೈತೇನ್ರಿ?"

ಅವನು ಹೇಳಿದ. ಅದು ಯಾವ ವರ್ಷ ಸತ್ತಿತು ಅಂತ ಕೇಳಿದಳು, ಅದನ್ನೂ ಹೇಳಿದ. ಬುತ್ತಿಯಲ್ಲಿ ಏನಿತ್ತು ಅಂದಳು. ಅವನು ತಡವರಿಸಿ, ನೆನಪು ಮಾಡಿಕೊಂಡು, ಒಂದೊಂದೇ ಮಾತು ಮಂದಿಯ ತಲೆಯ ಮೇಲಿಂದ ಕಳಿಸುತ್ತಿದ್ದ.

ನಾನು ಕಿಟಕಿಯ ಕಡೆ ಸರಿದು ಕೂತೆ. ಹೊಲಗಳಲ್ಲಿ ಕಬ್ಬು ಕಡಿದು, ಉಳಿದ ಒಣಗರಿಯ ರವದಿ ಸುಟ್ಟಿದ್ದರು. ಗೋಕಾಕ ಬರುವ ತನಕ ಕಸ್ತೂರಿ ನನ್ನ ಕಡೆ ತಿರುಗಲಿಲ್ಲ.